ದುಡಿಯದೆ ಉಣ್ಣುವ ನಾಡಿನ ಚಿತ್ರಗಳು

ದುಡಿಯದೆ ಹೊಟ್ಟೆ ತುಂಬಬೇಕೆಂಬ ಕನಸು ಹಸಿವಿನಷ್ಟೇ ಪುರಾತನವಾದುದು. ಬರಗಾಲಗಳಿಂದ ನೊಂದ ಯೂರೋಪಿನ ಜನರು ಇಂಥದೊಂದು ನಾಡನ್ನು ಕಲ್ಪಿಸಿಕೊಂಡಿದ್ದರು. ಇಟಲಿಯಲ್ಲಿ ಅದರ ಹೆಸರು ‘ಕುಕ್ಕಾನ್ಯ’. ಅಲ್ಲಿ ಹರಿಯುವುದು ದ್ರಾಕ್ಷಾರಸದ ಹೊಳೆ, ಬೆಟ್ಟವೆಲ್ಲ ಚೀಸ್, ದುಡಿದವನಿಗೆ ಸೆರೆವಾಸ! 16ನೆಯ ಶತಮಾನದಿಂದ ಈ ನಾಡಿನ ಮುದ್ರಿತ ಚಿತ್ರಗಳು ಜನರಲ್ಲಿ ಪ್ರಚಾರಕ್ಕೆ ಬಂದವು. 1567ರಲ್ಲಿ ಬ್ರೂಗಲ್ ಎಂಬ ಕಲಾವಿದನು ಇದೇ ವಿಷಯವನ್ನು ಚಿತ್ರಿಸಿದನು. ಅದರಲ್ಲಿ ರೈತ, ಸೈನಿಕ, ವಿದ್ವಾಂಸ ಮೂವರೂ ಉಂಡು ನೆಲಕ್ಕೊರಗಿದ್ದಾರೆ. ಅವರಲ್ಲಿ ಕಾಣುವುದು ಆನಂದಕ್ಕಿಂತ ಜಡತೆಯೇ ಹೆಚ್ಚು.

ಕನ್ನಡಿಗರಿಗೂ ಈ ಕಲ್ಪನೆ ಹೊಸದಲ್ಲ. ಜೈನ ಪುರಾಣಗಳ ಭೋಗಭೂಮಿಯಲ್ಲಿ ಹತ್ತು ಬಗೆಯ ಕಲ್ಪವೃಕ್ಷಗಳು ಅನ್ನ, ವಸ್ತ್ರ, ಬೆಳಕುಗಳನ್ನು ನೀಡುತ್ತಿದ್ದವು. ಅವು ಕ್ಷೀಣಿಸಿದಾಗ ಆದಿದೇವನು ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಕಸುಬುಗಳನ್ನು ಕಲಿಸಿದನು. ಪಂಪನು 941ರಲ್ಲಿ ‘ಆದಿಪುರಾಣ’ವಾಗಿ ಕನ್ನಡಕ್ಕೆ ತಂದುದು ಈ ಆದಿದೇವನ ಚರಿತೆಯನ್ನೇ. ಇಂದಿನ ಲೆಕ್ಕಪತ್ರಗಳೆಲ್ಲವೂ ಆ ‘ಮಸಿ’ಯ ಸಂತಾನವೇ ಸರಿ.

ಮರೆಯಾದ ಕಲ್ಪವೃಕ್ಷವು ಮುದ್ರಣಯಂತ್ರದ ಮೂಲಕ ಮರಳಿ ಬಂದಿತೆನ್ನಬಹುದು. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮ ಮುದ್ರಣಾಲಯದಿಂದ ಲಕ್ಷ್ಮಿಯ ಚಿತ್ರವು ಸಾಮಾನ್ಯರ ಮನೆಗಳನ್ನು ಪ್ರವೇಶಿಸಿತು. ಕಲಬುರಗಿಯಲ್ಲಿ 1916ರಲ್ಲಿ ಜನಿಸಿ ಮುಂಬಯಿಯಲ್ಲಿ ಹೆಸರು ಗಳಿಸಿದ ಎಸ್. ಎಂ. ಪಂಡಿತರು ಕ್ಯಾಲೆಂಡರಿನ ದೇವತೆಗಳಿಗೆ ಹೊಸ ಮೈಕಾಂತಿಯನ್ನಿತ್ತರು. ಕ್ರಮೇಣ ಕ್ಯಾಲೆಂಡರುಗಳಲ್ಲಿ ದೇವಿಯ ಅಂಗೈಯಿಂದ ನಾಣ್ಯಗಳು ಸುರಿಯುವ ದೃಶ್ಯವು ಸರ್ವಸಾಧಾರಣವಾಯಿತು.

ಮುಂಬಯಿಯಿಂದ ನಾಸಿಕದ ಮೂಲಕ ಶಿರಡಿಗೆ ಹೋಗುವವರಿಗೆ ದಾರಿಯಲ್ಲಿ ಸಿನ್ನರ್ ಸಿಗುತ್ತದೆ. ಕನ್ನಡದಲ್ಲಿ ಅನೇಕ ಶಾಸನಗಳನ್ನು ಬರೆಸಿದ ಸೇವುಣರು ದೇವಗಿರಿಗಿಂತ ಮೊದಲು ಇಲ್ಲಿಂದಲೇ ಆಳಿದರು. ಗೊಂಡೇಶ್ವರ ದೇವಾಲಯವು ಆ ವೈಭವದ ಸಾಕ್ಷಿ. ಆದರೆ ಮಳೆ ಕಡಮೆಯಾದ ಈ ಸೀಮೆಯಲ್ಲಿ ಬೀಡಿ ಕಟ್ಟುವುದು ಅನೇಕ ಹೆಂಗಸರ ಜೀವನೋಪಾಯವಾಯಿತು. ಕೂಲಿಯ ಲೆಕ್ಕ ಸಾವಿರ ಬೀಡಿಗೆ ಇಷ್ಟೆಂದು. ಬಾಗಿ ಕುಳಿತು ಬೆನ್ನು ನೋಯುತ್ತದೆ. ಹೊಗೆಸೊಪ್ಪಿನ ಧೂಳು ಕೆಮ್ಮನ್ನು ತರುತ್ತದೆ. ಇಂಥ ತಾಯಿ ಲಕ್ಷ್ಮಿಯ ಪಟದತ್ತ ಕಣ್ಣೆತ್ತಿದರೆ, ಅದನ್ನು ಸೋಮಾರಿಯ ಕನಸೆಂದು ಯಾರು ತಾನೇ ಹಳಿಯಬಲ್ಲರು?

ಅದೇ ಪಟವು ನಗರದ ಮನೆಯಲ್ಲಿ ಬೇರೊಂದು ಪಾಠವನ್ನು ಹೇಳುತ್ತದೆ. ಊಟಕ್ಕೆ ಕೊರತೆಯಿಲ್ಲ, ನಡೆಯಲು ಲಿಫ್ಟು ಬಿಡದು, ದಿನವೆಲ್ಲ ಕುರ್ಚಿಯೇ ಆಸರೆ. ಬೊಜ್ಜು, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಇಂಥ ಭೋಗಭೂಮಿಯನ್ನು ಹುಡುಕಿಕೊಂಡು ಬರುತ್ತವೆ. ಬೀಡಿ ಕಟ್ಟುವವಳಿಗೆ ಬೇಕಾದುದು ನ್ಯಾಯವಾದ ಕೂಲಿ, ಒಂದಿಷ್ಟು ವಿಶ್ರಾಂತಿ; ಮೇಜಿಗೆ ಅಂಟಿಕೊಂಡವನಿಗೆ ಬೇಕಾದುದು ಹಿತಮಿತವಾದ ಊಟ, ದಿನಕ್ಕೆ ಅರ್ಧ ಗಂಟೆಯ ನಡಿಗೆ.