ಅಪರೂಪಕ್ಕೆ ಶೇರು ಕೊಳ್ಳುವವರಿಗೆ ಅಗ್ಗದ ದಲ್ಲಾಳಿ ಯಾರು?

ಪಗಾರದಲ್ಲಿ ಉಳಿದ ಅಲ್ಪಸ್ವಲ್ಪ ಹಣವನ್ನು ಶೇರುಗಳಲ್ಲಿ ತೊಡಗಿಸಬೇಕೆಂಬ ಆಸೆ ಈಗ ಕಾರಕೂನರಲ್ಲಿಯೂ ಕಾರ್ಮಿಕರಲ್ಲಿಯೂ ಹೆಚ್ಚುತ್ತಿದೆ. ಅದಕ್ಕಾಗಿ ಮುಂಬಯಿಯ ದಲಾಲ್ ಸ್ಟ್ರೀಟಿಗೆ ಅಲೆಯಬೇಕಾದ ಕಾಲ ಹೋಯಿತು. ಕೈಯಲ್ಲಿರುವ ಮೊಬೈಲಿನಲ್ಲಿಯೇ ಖಾತೆ ತೆರೆಯಬಹುದು. ‘ನಮ್ಮಲ್ಲಿ ದಲಾಲಿ ಪುಕ್ಕಟೆ’ ಎಂಬ ಜಾಹೀರಾತುಗಳಿಗೂ ಕೊರತೆಯಿಲ್ಲ. ಆದರೆ ವರ್ಷಕ್ಕೆ ನಾಲ್ಕೈದು ಸಲ ಮಾತ್ರ ವ್ಯವಹರಿಸುವವರಿಗೆ ಯಾವುದು ಅಗ್ಗ ಎಂಬುದನ್ನು ಜಾಹೀರಾತು ಹೇಳುವುದಿಲ್ಲ. ನಾವೇ ಲೆಕ್ಕ ಹಾಕಿಕೊಳ್ಳಬೇಕು.

ಕೆಲವು ಖರ್ಚುಗಳು ಎಲ್ಲಿ ಹೋದರೂ ಒಂದೇ. ಕೊಂಡು ಇಟ್ಟುಕೊಳ್ಳುವ ಶೇರಿಗೆ ಕೊಳ್ಳುವಾಗಲೂ ಮಾರುವಾಗಲೂ ನೂರು ರೂಪಾಯಿಗೆ 10 ಪೈಸೆ ವಹಿವಾಟು ತೆರಿಗೆ ಉಂಟು. ಕೊಳ್ಳುವಾಗ ನೂರಕ್ಕೆ ಒಂದೂವರೆ ಪೈಸೆ ಮುದ್ರಾಂಕ ಶುಲ್ಕವೂ ಸೇರುತ್ತದೆ. ಇವುಗಳಲ್ಲಿ ಯಾವ ದಲ್ಲಾಳಿಯೂ ರಿಯಾಯಿತಿ ಕೊಡಲಾರ. ವ್ಯತ್ಯಾಸವಿರುವುದು ಮೂರು ಕಡೆ: ಪ್ರತಿ ವ್ಯವಹಾರದ ದಲಾಲಿ, ಡಿಮ್ಯಾಟ್ ಖಾತೆಯ ವಾರ್ಷಿಕ ಶುಲ್ಕ, ಮತ್ತು ಮಾರಿದಾಗ ಶೇರುಗಳನ್ನು ಖಾತೆಯಿಂದ ತೆಗೆಯುವ ಶುಲ್ಕ. ಇವುಗಳ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. ಬೀಳುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬರು ವರ್ಷಕ್ಕೆ ನಾಲ್ಕು ಸಲ ಕೊಂಡು ಒಂದು ಸಲ ಮಾರುತ್ತಾರೆ. ಮೊದಲನೆಯ ದಲ್ಲಾಳಿ ದಲಾಲಿ ಕೇಳುವುದಿಲ್ಲ, ಆದರೆ ವಾರ್ಷಿಕ ಶುಲ್ಕ 300 ರೂಪಾಯಿ ಎನ್ನುತ್ತಾನೆ. ಎರಡನೆಯವನು ವಾರ್ಷಿಕ ಶುಲ್ಕ ಬೇಡ, ವ್ಯವಹಾರಕ್ಕೆ 20 ರೂಪಾಯಿ ಕೊಡಿ ಎನ್ನುತ್ತಾನೆ. ಜಿ.ಎಸ್.ಟಿ. ಸೇರಿ ಮೊದಲನೆಯವನಿಗೆ 354 ರೂಪಾಯಿ, ಎರಡನೆಯವನಿಗೆ 118 ರೂಪಾಯಿ. ‘ಪುಕ್ಕಟೆ’ ಎಂದವನೇ ಮೂರು ಪಟ್ಟು ದುಬಾರಿಯಾದ! ಹಾಗೆಂದು ಎರಡನೆಯವನಲ್ಲಿ ಐನೂರು ರೂಪಾಯಿಯ ಶೇರು ಕೊಂಡರೆ 23 ರೂಪಾಯಿ 60 ಪೈಸೆ, ಅಂದರೆ ನೂರಕ್ಕೆ ಸುಮಾರು ಐದು ರೂಪಾಯಿ, ಮೊದಲ ದಿನವೇ ಕೈಬಿಡುತ್ತದೆ. ಆದ್ದರಿಂದ ಇಂಥಲ್ಲಿ ಹಣ ಕೂಡಿಟ್ಟು ಒಟ್ಟಿಗೆ ಕೊಳ್ಳುವುದು ಲೇಸು.

ವಾರ್ಷಿಕ ಶುಲ್ಕದ ಬಗೆಗೆ ಸಣ್ಣ ಉಳಿತಾಯಗಾರರಿಗೆ ಅನುಕೂಲವಾದ ಒಂದು ನಿಯಮವಿದೆ. ಸೆಬಿ ಸಂಸ್ಥೆಯ ‘ಮೂಲಸೇವಾ ಡಿಮ್ಯಾಟ್ ಖಾತೆ’ಯಲ್ಲಿ (ಬಿ.ಎಸ್.ಡಿ.ಎ.) ಶೇರುಗಳ ಬೆಲೆ 4 ಲಕ್ಷ ರೂಪಾಯಿ ಮೀರದಿದ್ದರೆ ವಾರ್ಷಿಕ ಶುಲ್ಕವೇ ಇಲ್ಲ, 4ರಿಂದ 10 ಲಕ್ಷದವರೆಗೆ 100 ರೂಪಾಯಿ ಮಾತ್ರ. ಈ ಮಿತಿಗಳು 2024ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದವು. ಮೇಲಿನ ಮೊದಲನೆಯ ದಲ್ಲಾಳಿಯಲ್ಲಿ ಈ ಖಾತೆ ದೊರೆತರೆ 354 ರೂಪಾಯಿ ಸೊನ್ನೆಯಾಗುತ್ತದೆ. ಆಗ ಅವನೇ ಅಗ್ಗ. ಆದರೆ ನಿಮ್ಮ ಹೆಸರು ಮೊದಲಿರುವ ಡಿಮ್ಯಾಟ್ ಖಾತೆ ಒಂದೇ ಇರಬೇಕು. ಹಿಂದೆ ಬ್ಯಾಂಕಿನವರ ಒತ್ತಾಯಕ್ಕೆ ತೆರೆದು ಮರೆತ ಖಾತೆ ಇದ್ದರೆ ಈ ಸೌಲಭ್ಯ ತಪ್ಪುತ್ತದೆ. ಅದರಲ್ಲಿರುವ ಶೇರುಗಳನ್ನು ಹೊಸ ಖಾತೆಗೆ ವರ್ಗಾಯಿಸಿ ಹಳೆಯದನ್ನು ಮುಚ್ಚಿರಿ.

ಅಗ್ಗವೊಂದನ್ನೇ ನೋಡಿದರೂ ಸಾಲದು. ಹೈದರಾಬಾದಿನ ಕಾರ್ವಿ ಸಂಸ್ಥೆ ಗ್ರಾಹಕರ ಶೇರುಗಳನ್ನು ದುರುಪಯೋಗ ಮಾಡಿತೆಂದು 2019ರ ನವೆಂಬರಿನಲ್ಲಿ ಸೆಬಿ ಅದರ ಮೇಲೆ ನಿರ್ಬಂಧ ಹೇರಿತು. ಗ್ರಾಹಕರು ಬರೆದುಕೊಟ್ಟಿದ್ದ ಅಧಿಕಾರಪತ್ರವೇ ಅಲ್ಲಿ ದುರುಪಯೋಗಕ್ಕೆ ದಾರಿಯಾಗಿತ್ತು. ಅಂಥ ಅಧಿಕಾರ ಕೊಡಲೇಬೇಕೆಂಬ ಕಡ್ಡಾಯವಿಲ್ಲ. ಅಪರೂಪಕ್ಕೆ ಮಾರುವವರು ಪ್ರತಿ ಸಲವೂ ಗುಪ್ತಸಂಖ್ಯೆ ಮತ್ತು ಓ.ಟಿ.ಪಿ. ಕೊಟ್ಟು ತಾವೇ ಒಪ್ಪಿಗೆ ನೀಡಬಹುದು. ಡಿಪಾಜಿಟರಿಯಿಂದ ನೇರವಾಗಿ ಬರುವ ಲೆಕ್ಕಪಟ್ಟಿಯನ್ನು ದಲ್ಲಾಳಿಯ ಲೆಕ್ಕದೊಡನೆ ತಾಳೆ ನೋಡಬೇಕು. ದಲ್ಲಾಳಿಯ ಹೆಸರು ಸೆಬಿಯ ನೋಂದಣಿ ಪಟ್ಟಿಯಲ್ಲಿದೆಯೇ ಎಂದು ಖಾತೆ ತೆರೆಯುವ ಮೊದಲೇ ಪರೀಕ್ಷಿಸಬೇಕು.

ಖಾತೆ ತೆರೆಯುವ ಮುನ್ನ ಒಂದು ಕಾಗದ ತೆಗೆದುಕೊಳ್ಳಿ. ವರ್ಷಕ್ಕೆ ಎಷ್ಟು ಸಲ ಕೊಳ್ಳುವಿರಿ, ಎಷ್ಟು ಸಲ ಮಾರುವಿರಿ ಎಂಬುದನ್ನು ಬರೆದು, ದಲ್ಲಾಳಿಯ ದರಪಟ್ಟಿಯಿಂದ ಆ ಮೂರು ಶುಲ್ಕಗಳನ್ನು ಕೂಡಿಸಿರಿ. ವರ್ಷದ ಕೊನೆಗೆ ಯಾರ ಮೊತ್ತ ಕಡಿಮೆಯೋ ಅವನೇ ನಿಮಗೆ ಅಗ್ಗದ ದಲ್ಲಾಳಿ. ಊರಿಗೆ ಕಳಿಸಬೇಕಾದ ಹಣವನ್ನೂ ಸಾಲದ ಹಣವನ್ನೂ ಮಾತ್ರ ಈ ಲೆಕ್ಕಕ್ಕೆ ತರಬೇಡಿರಿ; ಶೇರಿನ ಬೆಲೆ ಏರುವಂತೆ ಇಳಿಯುವುದೂ ಉಂಟು.