ಕಿಸೆಯೊಳಗಿನ ಫೋನು ಮತ್ತು ಸಂತಾನದ ಚಿಂತೆ

ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಮನೆಯಲ್ಲಿ ತೊಟ್ಟಿಲು ಕಟ್ಟದಿದ್ದರೆ ಬಂಧುಬಳಗದಲ್ಲಿ ಮಾತು ಆರಂಭವಾಗುತ್ತದೆ. ಆ ಮಾತು ಮೊದಲು ಹೋಗಿ ತಾಗುವುದು ಸೊಸೆಯನ್ನು. ಹರಕೆ, ಉಪವಾಸ, ನಾಟಿ ಔಷಧ, ಸ್ಕ್ಯಾನಿಂಗ್, ರಕ್ತಪರೀಕ್ಷೆ ಎಲ್ಲವೂ ಅವಳ ಪಾಲಿಗೆ. ಮಗನನ್ನೂ ಪರೀಕ್ಷೆಗೆ ಕಳುಹಿಸಬೇಕೆಂಬ ವಿಚಾರ ಹಿರಿಯರಿಗೆ ಹೊಳೆಯುವುದು ಎಲ್ಲಕ್ಕಿಂತ ಕೊನೆಗೆ.

ನಮಗೆ ಬಳಕೆಯಿರುವ ಒಂದು ಮನೆತನದಲ್ಲಿ ಹೀಗೆಯೇ ಮೂರು ವರ್ಷಗಳು ಕಳೆದಿದ್ದವು. ಒಂದು ದಿನ ಮೊಬೈಲ್ ಫೋನಿನಿಂದ ಗಂಡಸರ ವೀರ್ಯ ಕೆಡುತ್ತದೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ತಾಯಿ ಗಾಬರಿಗೊಂಡು, “ತಮ್ಮಾ, ಇನ್ನ ಮ್ಯಾಲೆ ಅದನ್ನ ಚೊಣ್ಣದ ಕಿಸೆದಾಗ ಇಟ್ಕೋಬ್ಯಾಡೋ” ಎಂದರು. ಮಗ ಫೋನನ್ನು ಅಂಗಿಯ ಕಿಸೆಗೆ ವರ್ಗಾಯಿಸಿದ. ಅವನ ಪಾಲಿನ ಚಿಕಿತ್ಸೆ ಅಲ್ಲಿಗೆ ಮುಗಿಯಿತು. ಸೊಸೆಯ ಗುಳಿಗೆಗಳು ಮಾತ್ರ ಹಾಗೆಯೇ ಮುಂದುವರಿದವು.

ಆ ತಾಯಿಯ ಭಯ ಆಧಾರವಿಲ್ಲದ್ದೇನೂ ಅಲ್ಲ. ಆದರೆ ಅದು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ತೂಗಿ ನೋಡುವುದು ಪ್ರತಿಯೊಂದು ಕುಟುಂಬಕ್ಕೂ ಅವಶ್ಯವಾಗಿದೆ.

ಭಯ ಹುಟ್ಟಿದ ಬಗೆ

ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಡಾ. ಅಶೋಕ್ ಅಗರ್ವಾಲ್ ಮತ್ತು ಅವರ ಸಂಗಡಿಗರು, ಸಂತಾನಹೀನತೆಯ ಚಿಕಿತ್ಸೆಗೆಂದು ಬಂದಿದ್ದ 361 ಪುರುಷರನ್ನು ಅಭ್ಯಸಿಸಿ 2008ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ದಿನಕ್ಕೆ ಹೆಚ್ಚು ತಾಸು ಮೊಬೈಲ್ ಬಳಸುವವರಲ್ಲಿ ವೀರ್ಯಾಣುಗಳ ಸಂಖ್ಯೆಯೂ ಚಲನೆಯೂ ಕಡಿಮೆಯಿದ್ದುದು ಅವರಿಗೆ ಕಂಡುಬಂದಿತು. ಮರುವರ್ಷ ಅದೇ ತಂಡದವರು ವೀರ್ಯದ ಮಾದರಿಗಳ ಹತ್ತಿರ, ಎರಡೂವರೆ ಸೆಂಟಿಮೀಟರ್ ಅಂತರದಲ್ಲಿ, ಮಾತಿನ ಸ್ಥಿತಿಯಲ್ಲಿದ್ದ ಫೋನನ್ನು ಒಂದು ತಾಸು ಇಟ್ಟು ನೋಡಿದಾಗ ವೀರ್ಯಾಣುಗಳ ಚಲನೆ ಕುಗ್ಗಿತ್ತು.

ಆದರೆ ಪ್ರಯೋಗಾಲಯದ ಮಾದರಿಗೆ ಚರ್ಮದ ಹೊದಿಕೆಯಿಲ್ಲ, ಬಿಸಿಯನ್ನು ಸಾಗಿಸಿಕೊಂಡು ಹೋಗುವ ರಕ್ತಸಂಚಾರವಿಲ್ಲ. ಇನ್ನು ಚಿಕಿತ್ಸೆಗೆ ಬಂದವರಾದರೋ ಮೊದಲೇ ತೊಂದರೆಯಿದ್ದವರು. ಆದುದರಿಂದ ಆರೋಗ್ಯವಂತ ಯುವಕರ ದೊಡ್ಡ ಸಮೂಹವೊಂದನ್ನು ಪರೀಕ್ಷಿಸಬೇಕಾಗಿತ್ತು.

ಸ್ವಿಟ್ಜರ್ಲೆಂಡಿನ ಯುವಕರು

ಆ ಕಾರ್ಯ ನಡೆದದ್ದು ಸ್ವಿಟ್ಜರ್ಲೆಂಡಿನಲ್ಲಿ. ಅಲ್ಲಿ ಪುರುಷರಿಗೆ ಸೈನ್ಯಸೇವೆ ಕಡ್ಡಾಯ. 2005ರಿಂದ 2018ರವರೆಗೆ ಸೈನಿಕ ಭರ್ತಿ ಕೇಂದ್ರಗಳಿಗೆ ಬಂದ 18ರಿಂದ 22 ವರ್ಷದ 2886 ಯುವಕರ ವೀರ್ಯವನ್ನು ಪರೀಕ್ಷಿಸಿ, ಅವರು ಫೋನನ್ನು ಎಷ್ಟು ಬಳಸುತ್ತಾರೆ, ಎಲ್ಲಿ ಇಟ್ಟುಕೊಳ್ಳುತ್ತಾರೆ ಎಂಬುದನ್ನು ಕೇಳಿ ಬರೆದುಕೊಳ್ಳಲಾಯಿತು. ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರ ಮುಂದಾಳ್ತನದ ಈ ವರದಿ 2023ರಲ್ಲಿ ಹೊರಬಂದಿತು.

ವಾರಕ್ಕೊಮ್ಮೆಗಿಂತ ಹೆಚ್ಚು ಫೋನು ಬಳಸದವರಲ್ಲಿ ಮಿಲಿಲೀಟರಿಗೆ 5.65 ಕೋಟಿ ವೀರ್ಯಾಣುಗಳಿದ್ದರೆ, ದಿನಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಬಾರಿ ಬಳಸುವವರಲ್ಲಿ 4.45 ಕೋಟಿ ಇದ್ದವು. ವ್ಯತ್ಯಾಸ ಕಡಿಮೆಯೇನಲ್ಲ. ಆದರೆ ಇದೇ ವರದಿಯ ಉಳಿದ ಮಾತುಗಳನ್ನು ನಾವು ಗಮನಿಸಬೇಕು. ವೀರ್ಯಾಣುಗಳ ಚಲನೆಯಲ್ಲಾಗಲಿ ಆಕಾರದಲ್ಲಾಗಲಿ ಭೇದ ಕಾಣಲಿಲ್ಲ. ಫೋನನ್ನು ಪ್ಯಾಂಟಿನ ಕಿಸೆಯಲ್ಲಿ ಇಟ್ಟುಕೊಳ್ಳುವವರಲ್ಲಿ ವೀರ್ಯಾಣುಗಳು ಕಡಿಮೆಯೆಂಬುದೂ ಸಿದ್ಧವಾಗಲಿಲ್ಲ. ವರ್ಷಗಳು ಕಳೆದಂತೆ, ಹಳೆಯ 2ಜಿ ಫೋನುಗಳು ಹೋಗಿ ಕಡಿಮೆ ಶಕ್ತಿಯಲ್ಲಿ ಕೆಲಸ ಮಾಡುವ 3ಜಿ, 4ಜಿ ಫೋನುಗಳು ಬಂದಂತೆ, ಈ ಸಂಬಂಧವೂ ಸಡಿಲವಾಯಿತು.

ಇನ್ನೊಂದು ಸಂಗತಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ವೀರ್ಯಾಣುಗಳ ಕೆಳಮಿತಿ ಮಿಲಿಲೀಟರಿಗೆ 1.6 ಕೋಟಿ. ಹೆಚ್ಚು ಫೋನು ಬಳಸುತ್ತಿದ್ದ ಆ ಗುಂಪಿನ ಮಧ್ಯದ ಅಂಕಿಯೂ ಈ ಮಿತಿಗಿಂತ ಎಷ್ಟೋ ಮೇಲಿದೆ. ಆ ಸಂಸ್ಥೆಯ ಕೋರಿಕೆಯಂತೆ ನಡೆದು 2024ರಲ್ಲಿ ಪ್ರಕಟವಾದ ಸಮೀಕ್ಷೆಯೂ, ಫೋನಿನಿಂದ ವೀರ್ಯದ ಮೇಲಾಗುವ ಪರಿಣಾಮ ಅತ್ಯಲ್ಪ ಅಥವಾ ಇಲ್ಲವೇ ಇಲ್ಲವೆನ್ನಬಹುದು. ಆದರೆ ಸಿಕ್ಕ ಪುರಾವೆಗಳು ತೀರ ದುರ್ಬಲವಾಗಿವೆ ಎಂಬ ಅಭಿಪ್ರಾಯಕ್ಕೆ ಬಂದಿದೆ. ಅಂದರೆ ಫೋನು ನಿರಪರಾಧಿಯೆಂದು ತೀರ್ಪು ಕೊಡುವಂತಿಲ್ಲ. ಅದನ್ನೇ ಮುಖ್ಯ ಅಪರಾಧಿಯನ್ನಾಗಿ ನಿಲ್ಲಿಸುವುದಂತೂ ಸರಿಯಲ್ಲ.

ಮರೆಯಲ್ಲಿ ಉಳಿದ ಕಾರಣಗಳು

ಸಂತಾನವಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ. ವೃಷಣಗಳು ದೇಹದಿಂದ ಹೊರಗೆ ಇಳಿಬಿದ್ದಿರುವುದಕ್ಕೆ ಅರ್ಥವಿದೆ. ವೀರ್ಯಾಣುಗಳು ಬೆಳೆಯಲು ದೇಹದ ಉಷ್ಣತೆಗಿಂತ ಎರಡು ಮೂರು ಡಿಗ್ರಿ ಕಡಿಮೆ ಉಷ್ಣತೆ ಬೇಕು. ಲ್ಯಾಪ್‌ಟಾಪ್ ಗಣಕವನ್ನು ಒಂದು ತಾಸು ತೊಡೆಯ ಮೇಲಿಟ್ಟುಕೊಂಡು ಕುಳಿತರೆ ಅಲ್ಲಿಯ ಉಷ್ಣತೆ ಎರಡೂವರೆ ಡಿಗ್ರಿಗೂ ಮೇಲೆ ಏರುವುದು 2005ರ ಒಂದು ಅಧ್ಯಯನದಲ್ಲಿ ಕಂಡುಬಂದಿದೆ.

ವೃಷಣದ ಸುತ್ತಲಿನ ಅಶುದ್ಧ ರಕ್ತನಾಳಗಳು ಉಬ್ಬಿಕೊಳ್ಳುವ ತೊಂದರೆ ಸಂತಾನವಾಗದ ಪುರುಷರಲ್ಲಿ ನೂರಕ್ಕೆ 35-40 ಮಂದಿಯಲ್ಲಿ ಕಾಣಬರುತ್ತದೆ. ವೈದ್ಯರು ಇದನ್ನು ವೆರಿಕೊಸೀಲ್ ಎನ್ನುತ್ತಾರೆ. ಅನೇಕ ವೇಳೆ ನೋವೇ ಇರುವುದಿಲ್ಲವಾದ್ದರಿಂದ ಪರೀಕ್ಷಿಸದೆ ತಿಳಿಯುವುದಿಲ್ಲ. ಪ್ರಾಯಕ್ಕೆ ಬಂದ ಮೇಲೆ ಮಂಗನಬಾವು ಬಂದು ವೃಷಣಗಳಿಗೆ ಬಾವು ಇಳಿದಿದ್ದರೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ, ಮೈಕಟ್ಟು ಬೆಳೆಸಲು ವ್ಯಾಯಾಮಶಾಲೆಗಳಲ್ಲಿ ಸ್ಟೀರಾಯ್ಡ್ ಚುಚ್ಚುಮದ್ದು ತೆಗೆದುಕೊಂಡಿದ್ದರೆ ತೊಂದರೆಯಾಗಬಹುದು. ಬೀಡಿ, ಸಿಗರೇಟು, ಮದ್ಯ, ಗುಟ್ಕಾ, ಜರದಾಗಳ ವಿಷಯವನ್ನಂತೂ ಹೇಳುವುದೇ ಬೇಡ.

ನಾವು ಮೊದಲು ಹೇಳಿದ ಮನೆಯಲ್ಲಿ ಕೊನೆಗೆ ಒಬ್ಬ ವೈದ್ಯೆ, “ಯಜಮಾನರ ಪರೀಕ್ಷೆ ಆಗದ ಹೊರತು ಈಕೆಗೆ ಒಂದು ಗುಳಿಗೆಯನ್ನೂ ಬರೆದುಕೊಡುವುದಿಲ್ಲ” ಎಂದು ಪಟ್ಟು ಹಿಡಿದರು. ಪರೀಕ್ಷೆಯಾಯಿತು. ರಕ್ತನಾಳಗಳು ಉಬ್ಬಿದ್ದವು, ದಿನವೂ ಜರದಾ ಹಾಕುವ ಚಟವೂ ಹೊರಬಿತ್ತು. ವರದಿಯನ್ನು ಕೇಳಿದ ಆ ತಾಯಿ ಬಹಳ ಹೊತ್ತು ಸುಮ್ಮನಿದ್ದು, “ಮೂರು ವರ್ಷ ಈ ಹುಡುಗೀಗೆ ಸುಮ್ಮನ ಅಂದ್ವಿ” ಎಂದರಂತೆ. ಆ ಮಾತು ನಮ್ಮ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಮಾಡಬೇಕಾದುದೇನು?

ಒಂದು ವರ್ಷ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ ಗಂಡ-ಹೆಂಡತಿ ಇಬ್ಬರೂ ಒಟ್ಟಿಗೆ ವೈದ್ಯರನ್ನು ಕಾಣಬೇಕು. ಪತ್ನಿಗೆ 35 ವರ್ಷ ದಾಟಿದ್ದರೆ ಆರು ತಿಂಗಳಿಗಿಂತ ಹೆಚ್ಚು ಕಾಯಬಾರದು. ವೀರ್ಯಪರೀಕ್ಷೆ ಕೆಲವು ನೂರು ರೂಪಾಯಿಗಳಲ್ಲಿ ಆಗುವಂಥದು, ಸೂಜಿಯಿಲ್ಲ, ನೋವಿಲ್ಲ. ಎರಡರಿಂದ ಏಳು ದಿನಗಳ ಸಂಯಮವೊಂದೇ ಅದಕ್ಕೆ ಬೇಕಾದ ಸಿದ್ಧತೆ. ಮೊದಲ ವರದಿ ಸರಿಯಿಲ್ಲವೆಂದು ಧೈರ್ಯಗೆಡದೆ ವೈದ್ಯರು ಹೇಳಿದಂತೆ ಮತ್ತೊಮ್ಮೆ ಮಾಡಿಸಬೇಕು. ಹೊಸ ವೀರ್ಯಾಣುಗಳು ಸಿದ್ಧವಾಗಲು ಸುಮಾರು ಮೂರು ತಿಂಗಳು ಹಿಡಿಯುವುದರಿಂದ, ಇಂದು ಬಿಟ್ಟ ಚಟದ ಫಲ ಕಾಣಲು ಅಷ್ಟು ಕಾಲ ಬೇಕು.

ಫೋನಿನ ವಿಷಯದಲ್ಲಿ ಮಿತವಾದ ಎಚ್ಚರಿಕೆ ಸಾಕು. ಸಿಗ್ನಲ್ ದುರ್ಬಲವಾಗಿರುವ ಕಡೆ ಫೋನು ಹೆಚ್ಚು ಶಕ್ತಿಯಿಂದ ತರಂಗಗಳನ್ನು ಹೊರಡಿಸುತ್ತದೆ. ಅಲ್ಲಿ ದೀರ್ಘ ಸಂಭಾಷಣೆ ಬೇಡ. ಇಯರ್‌ಫೋನ್ ಹಾಕಿಕೊಂಡು ಮಾತನಾಡುವಾಗ ಫೋನು ಕಿಸೆಯಲ್ಲಿರದೆ ಮೇಜಿನ ಮೇಲಿರಲಿ. ಮಲಗುವಾಗ ದೂರವಿಡಲಿ. ದೇಹ ಹೀರುವ ತರಂಗಶಕ್ತಿಗೆ ನಮ್ಮ ದೇಶದಲ್ಲಿ 2012ರಿಂದ ಕಿಲೋಗ್ರಾಮಿಗೆ 1.6 ವ್ಯಾಟ್ ಮಿತಿಯಿದೆ. *#07# ಒತ್ತಿದರೆ ಎಷ್ಟೋ ಫೋನುಗಳಲ್ಲಿ ಆ ಅಂಕಿ ಕಾಣುತ್ತದೆ.

ಮಗನ ಕಿಸೆಯಿಂದ ಫೋನು ತೆಗೆಸುವ ಹಿರಿಯರು ಅವನೊಡನೆ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಬೇಕು. ಪರೀಕ್ಷೆಗೆ ಒಳಗಾಗುವುದರಿಂದ ಗಂಡಸುತನಕ್ಕೆ ಕುಂದಿಲ್ಲ. ಪತ್ನಿಯ ಮೇಲಿನ ಭಾರವನ್ನು ತಾನೂ ಹೊರಲು ಮುಂದಾಗುವ ಪುರುಷನೇ ಸಂಸಾರಕ್ಕೆ ಆಸರೆ.