ಚಂದ್ರದ್ರೋಣ: ನೀರನ್ನು ಹಂಚುವ ಬೆಟ್ಟಸಾಲು

ಮೈಸೂರಿನ ವಾಯವ್ಯ ಭಾಗದಲ್ಲಿ ಕುಂಬಾರಕೊಪ್ಪಲು ಎಂಬ ಬಡಾವಣೆ ಇದೆ. ಕೊಪ್ಪಲು ಎಂದರೆ ಚಿಕ್ಕ ಹಳ್ಳಿ. ಇದು ಒಂದು ಕಾಲಕ್ಕೆ ಕುಂಬಾರರ ಹಳ್ಳಿಯಾಗಿತ್ತೆಂಬುದನ್ನು ಹೆಸರೇ ಸಾರುತ್ತದೆ. ಇಲ್ಲಿಂದ ಆಗ್ನೇಯಕ್ಕೆ ಕಣ್ಣು ಹಾಯಿಸಿದರೆ ಚಾಮುಂಡಿ ಬೆಟ್ಟ ಎದ್ದು ಕಾಣುತ್ತದೆ. ಆದರೆ ಇಲ್ಲಿಯ ಮನೆಗಳ ಕೊಡದಲ್ಲಿರುವ ನೀರಿಗೆ ಸಂಬಂಧಪಟ್ಟ ಬೆಟ್ಟ ಚಾಮುಂಡಿಯಲ್ಲ. ಅದು ಕಣ್ಣಿಗೆ ಕಾಣದಷ್ಟು ದೂರದಲ್ಲಿ, ಚಿಕ್ಕಮಗಳೂರು ಜಿಲ್ಲೆಯಲ್ಲಿದೆ.

ಮೈಸೂರು ನಗರಕ್ಕೆ ಕಾವೇರಿ ಮತ್ತು ಕಬಿನಿ ನದಿಗಳಿಂದ ನೀರು ಒದಗುತ್ತದೆ. ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಕಾವೇರಿಯನ್ನು ಹೇಮಾವತಿ ಕೂಡಿಕೊಳ್ಳುತ್ತದೆ. ಹೇಮಾವತಿಗೆ ಗೊರೂರಿನ ಬಳಿ ಯಗಚಿ ಸೇರುತ್ತದೆ. ಬೇಲೂರಿನ ಮಗ್ಗುಲಲ್ಲಿ ಹರಿದುಬರುವ ಆ ಯಗಚಿಯ ತವರು ಯಾವುದು? ಬಾಬಾಬುಡನ್‌ಗಿರಿ ಎಂದೂ ಚಂದ್ರದ್ರೋಣ ಪರ್ವತವೆಂದೂ ಹೆಸರಾದ ಬೆಟ್ಟಸಾಲು. ಹೀಗೆ ದೂರದ ಗಿರಿಯೊಂದರ ಮಳೆಗೂ ಕುಂಬಾರಕೊಪ್ಪಲಿನ ಕೊಡಕ್ಕೂ ನೆಂಟು ಏರ್ಪಟ್ಟಿದೆ. ಈ ಗಿರಿಯ ರಚನೆಯನ್ನು ನಾವು ಸ್ವಲ್ಪ ವಿಚಾರ ಮಾಡಿ ನೋಡೋಣ.

ದೊಡ್ಡ ಪರ್ವತಗಳನ್ನು ಭೂಗೋಳಶಾಸ್ತ್ರಜ್ಞರು ಇಡಿಯಾಗಿ ಅಭ್ಯಸಿಸುವುದಿಲ್ಲ. ಕಣಿವೆಗಳನ್ನೇ ಎಲ್ಲೆಯಾಗಿಟ್ಟುಕೊಂಡು ಅವನ್ನು ಉಪಶ್ರೇಣಿಗಳಾಗಿ ವಿಂಗಡಿಸುತ್ತಾರೆ. ಯುರೋಪಿನ ಆಲ್ಪ್ಸ್ ಪರ್ವತವನ್ನು ಹೀಗೆಯೇ ಅನೇಕ ಉಪಶ್ರೇಣಿಗಳಾಗಿ ವಿಂಗಡಿಸಿದ್ದಾರೆ. ಚಂದ್ರದ್ರೋಣವೂ ಅಂಥ ಒಂದು ಉಪಶ್ರೇಣಿಯೇ. ಪಶ್ಚಿಮ ಘಟ್ಟದ ಮುಖ್ಯ ಸಾಲು ಉತ್ತರ ದಕ್ಷಿಣವಾಗಿ ಹಬ್ಬಿದೆ. ಅದರ ಪೂರ್ವಕ್ಕೆ, ತುಸು ಪ್ರತ್ಯೇಕವಾಗಿ, ಈ ಗಿರಿಗಳು ಕುದುರೆಯ ಲಾಳದಂತೆ ಬಾಗಿ ನಿಂತಿವೆ. ಲಾಳದ ತೆರೆದ ಬಾಯಿ ವಾಯವ್ಯದ ಕಡೆಗಿದೆ. ಒಳಗೆ ಜಾಗರ ಕಣಿವೆಯಿದೆ. ಈ ಅರ್ಧಚಂದ್ರಾಕೃತಿಯ ಕಾರಣದಿಂದಲೇ ಚಂದ್ರದ್ರೋಣ ಎಂಬ ಹೆಸರು ಬಂದಿದೆಯೆನ್ನುತ್ತಾರೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ ಈ ಸಾಲಿನಲ್ಲಿಯೇ ಇದೆ. ಅದರ ಎತ್ತರ ಸುಮಾರು 1,930 ಮೀಟರ್.

ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಶಿಖರವು 4,800 ಮೀಟರುಗಳನ್ನೂ ಮೀರಿದೆ. ಅದರ ಮುಂದೆ ನಮ್ಮ ಗಿರಿ ಕುಳ್ಳು. ಆದರೆ ವಯಸ್ಸಿನಲ್ಲಿ ನಮ್ಮದೇ ಹಿರಿದು. ಆಫ್ರಿಕದ ಕಡೆಯ ಭೂಫಲಕವು ಯುರೋಪನ್ನು ಒತ್ತಿದಾಗ ಶಿಲಾಸ್ತರಗಳು ಮಡಿಕೆ ಮಡಿಕೆಯಾಗಿ ಮೇಲೆದ್ದು ಆಲ್ಪ್ಸ್ ಆಯಿತು. ಇದು ಕೆಲವೇ ಕೋಟಿ ವರ್ಷಗಳ ಹಿಂದಿನ ಮಾತು. ಚಂದ್ರದ್ರೋಣದ ಶಿಲೆಗಳಾದರೋ ಇನ್ನೂರೈವತ್ತು ಕೋಟಿ ವರ್ಷಗಳಿಗಿಂತಲೂ ಹಳೆಯವು. ಆ ಕಾಲದ ಸಮುದ್ರದಲ್ಲಿ ಆಮ್ಲಜನಕವು ಅತ್ಯಲ್ಪವಾಗಿತ್ತು. ಆದುದರಿಂದ ಕಬ್ಬಿಣವು ನೀರಿನಲ್ಲಿ ಕರಗಿರುತ್ತಿತ್ತು. ಅದು ಕ್ರಮೇಣ ತಳಕ್ಕಿಳಿದು, ಸಿಲಿಕದ ಪದರಗಳೊಡನೆ ಒಂದರ ಮೇಲೊಂದಾಗಿ ಕೂತು, ಪಟ್ಟೆಪಟ್ಟೆಯ ಕಬ್ಬಿಣಶಿಲೆಯಾಯಿತು. ಈ ಶಿಲೆ ಬಹು ಗಟ್ಟಿ. ಸುತ್ತಲಿನ ಮೆದು ಕಲ್ಲುಗಳನ್ನು ಮಳೆಗಾಳಿಗಳು ಸವೆಸಿ ತಗ್ಗಿಸಿದವು. ಸವೆಯದ ಕಬ್ಬಿಣಶಿಲೆ ಏಣುಗಳಾಗಿ ಉಳಿಯಿತು. ಆಲ್ಪ್ಸ್ ಎತ್ತರವಾಗಿರುವುದು ಮೇಲೆದ್ದುದರಿಂದ. ಚಂದ್ರದ್ರೋಣದ ಸಾಲು ಎದ್ದು ಕಾಣುವುದಾದರೋ ಬಹುಮಟ್ಟಿಗೆ ಸುತ್ತಲಿನದು ಸವೆದುಹೋದುದರಿಂದ. ಈ ಸಾಲಿನ ಕೆಮ್ಮಣ್ಣುಗುಂಡಿಯ ಅದಿರೇ 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಆಹಾರವಾಯಿತು.

ಇನ್ನು ನೀರಿನ ವಿಷಯಕ್ಕೆ ಬರೋಣ. ಮನೆಯ ಹೆಂಚಿನ ಮಾಡಿನ ನೆತ್ತಿಯ ಮೇಲೆ ಬಿದ್ದ ಹನಿಗಳು ಎರಡು ಕಡೆಗೆ ಇಳಿಯುವುದನ್ನು ನೀವು ಕಂಡಿದ್ದೀರಿ. ಬೆಟ್ಟದ ಏಣೂ ಇದೇ ಕೆಲಸವನ್ನು ಮಾಡುತ್ತದೆ. ಅದನ್ನು ಜಲವಿಭಾಜಕ ಎನ್ನುತ್ತೇವೆ. ಚಂದ್ರದ್ರೋಣದ ಮಾಡು ಮೂರು ಕಡೆಗೆ ಇಳಿಜಾರಾಗಿದೆ. ಲಾಳದ ಒಳಗಿನ ಜಾಗರ ಕಣಿವೆಯ ಹಳ್ಳಗಳು ಭದ್ರಾ ನದಿಗೆ ಹೋಗುತ್ತವೆ. ಪೂರ್ವದ ಇಳಿಜಾರಿನ ನೀರು ಅಯ್ಯನಕೆರೆ, ಮದಗದ ಕೆರೆಗಳ ಮಾರ್ಗವಾಗಿ ವೇದಾ, ಅವತಿ ಎಂಬ ಎರಡು ಹೊಳೆಗಳಾಗಿ ಹರಿದು, ಕಡೂರಿನ ಸೀಮೆಯಲ್ಲಿ ಒಂದಾಗಿ ವೇದಾವತಿ ಎನಿಸುತ್ತದೆ. ಹಿರಿಯೂರಿನ ವಾಣೀವಿಲಾಸ ಸಾಗರವನ್ನು ತುಂಬುವುದು ಇದೇ ನದಿ. ದಕ್ಷಿಣದ ಇಳಿಜಾರಿನದು ಯಗಚಿ.

ಈ ಮೂರರಲ್ಲಿ ಭದ್ರೆಯು ಕೂಡ್ಲಿಯಲ್ಲಿ ತುಂಗೆಯನ್ನು ಕೂಡಿ ತುಂಗಭದ್ರೆಯಾಗುತ್ತದೆ. ವೇದಾವತಿಯು ಚಿತ್ರದುರ್ಗದ ಬಯಲನ್ನು ಸುತ್ತಿ, ಬಳ್ಳಾರಿಯ ಕಡೆ ಹಗರಿ ಎಂಬ ಹೆಸರು ಪಡೆದು, ಕೊನೆಗೆ ಅದೇ ತುಂಗಭದ್ರೆಗೆ ಸೇರುತ್ತದೆ. ಒಂದೇ ಗಿರಿಯಲ್ಲಿ ಬೇರೆಯಾದ ಹನಿಗಳು ಹೀಗೆ ಮತ್ತೆ ಸಂಧಿಸಿ ಕೃಷ್ಣೆಯೊಡನೆ ಆಂಧ್ರದ ಕರಾವಳಿಗೆ ಹೋಗುತ್ತವೆ. ಯಗಚಿಯ ಹನಿ ಮಾತ್ರ ಕಾವೇರಿಯೊಡನೆ ತಮಿಳುನಾಡಿನ ಕರಾವಳಿಯನ್ನು ಮುಟ್ಟುತ್ತದೆ. ಅರಬ್ಬೀ ಸಮುದ್ರವು ಈ ಗಿರಿಗೆ ಸುಮಾರು 100 ಕಿಲೋಮೀಟರ್ ದೂರದಲ್ಲಿದ್ದರೂ ಒಂದು ತೊಟ್ಟೂ ಅತ್ತ ಹರಿಯುವುದಿಲ್ಲ. ಘಟ್ಟದ ಮುಖ್ಯ ಸಾಲು ನಡುವೆ ಅಡ್ಡ ನಿಂತಿದೆ. ಕೃಷ್ಣಾ ನೀರಿನ ಹಂಚಿಕೆಗೆ 1969ರಲ್ಲಿಯೂ ಕಾವೇರಿ ನೀರಿನ ಹಂಚಿಕೆಗೆ 1990ರಲ್ಲಿಯೂ ನ್ಯಾಯಮಂಡಳಿಗಳು ನೇಮಕವಾದವು. ಅವುಗಳಿಗೆ ಎಷ್ಟೋ ಮೊದಲೇ ಈ ಏಣು ತನ್ನ ಹಂಚಿಕೆಯನ್ನು ಮುಗಿಸಿತ್ತು!

ಆಲ್ಪ್ಸ್‌ನ ಸೇಂಟ್ ಗಾಥರ್ಡ್ ಪ್ರದೇಶವೂ ಇಂಥದೇ. ಅಲ್ಲಿಂದ ರೈನ್ ನದಿ ಉತ್ತರ ಸಮುದ್ರಕ್ಕೂ ರೋನ್ ನದಿ ಮೆಡಿಟರೇನಿಯನ್ ಸಮುದ್ರಕ್ಕೂ ಹೋಗುತ್ತವೆ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಆಲ್ಪ್ಸ್‌ನಲ್ಲಿ ಚಳಿಗಾಲದ ಹಿಮವೂ ಹಿಮನದಿಗಳೂ ನೀರನ್ನು ಕೂಡಿಟ್ಟು, ಬೇಸಗೆಯಲ್ಲಿ ಕರಗಿ ನದಿಗಳನ್ನು ಪೋಷಿಸುತ್ತವೆ. ನಮ್ಮ ಗಿರಿಯಲ್ಲಿ ಹಿಮವಿಲ್ಲ. ಮಳೆಯೆಲ್ಲವೂ ಬಹುತೇಕ ಕೆಲವೇ ತಿಂಗಳುಗಳಲ್ಲಿ ಸುರಿದುಹೋಗುತ್ತದೆ. ಹಾಗಾದರೆ ಮಳೆ ನಿಂತ ಮೇಲೂ ಹಳ್ಳಗಳು ಹೇಗೆ ಹರಿಯುತ್ತವೆ?

ಉತ್ತರವು ಹುಲ್ಲಿನಲ್ಲಿಯೂ ಶೋಲಾ ಕಾಡಿನಲ್ಲಿಯೂ ಇದೆ. ಗಿರಿಯ ಬೋಳು ಮೈಯಂತೆ ಕಾಣುವ ಇಳಿಜಾರುಗಳು ಬೋಳಲ್ಲ; ಅಲ್ಲಿ ಹುಲ್ಲು ದಟ್ಟವಾಗಿ ಬೇರೂರಿದೆ. ಎರಡು ಇಳಿಜಾರು ಕೂಡುವ ಮಡಿಲುಗಳಲ್ಲಿ ಗಿಡ್ಡ ಮರಗಳ ಶೋಲಾ ಕಾಡು ಅಡಗಿರುತ್ತದೆ. ಬೇರುಗಳೂ ತರಗೆಲೆಗಳೂ ಮಣ್ಣನ್ನು ಸಡಿಲವಾಗಿಟ್ಟು, ಮಳೆಯನ್ನು ಒಳಕ್ಕೆ ಬಿಟ್ಟುಕೊಂಡು, ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಹೊರಕ್ಕೆ ಬಿಡುತ್ತವೆ. ಹಿಮನದಿಯ ಕೆಲಸವನ್ನು ಇಲ್ಲಿ ಮಣ್ಣು ಮಾಡುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ಎರಡು ತಟ್ಟೆಗಳನ್ನು ಒಂದೇ ಓರೆಯಲ್ಲಿಡಿ. ಒಂದರಲ್ಲಿ ಬೇರುಸಹಿತ ಹುಲ್ಲಿನ ಹೆಂಟೆ, ಇನ್ನೊಂದರಲ್ಲಿ ಬರಿಯ ಮಣ್ಣು ಇರಲಿ. ಎರಡರ ಮೇಲೂ ಒಂದೊಂದು ಚೊಂಬು ನೀರನ್ನು ಸಮನಾಗಿ ಚಿಮುಕಿಸಿ. ಬರಿ ಮಣ್ಣಿನ ತಟ್ಟೆಯಿಂದ ಕೆಸರು ನೀರು ಬೇಗನೆ ಇಳಿದುಹೋಗುತ್ತದೆ. ಹುಲ್ಲಿನ ತಟ್ಟೆಯಿಂದ ತಡವಾಗಿ, ತಿಳಿಯಾಗಿ ಇಳಿಯುತ್ತದೆ.

ಹುಲ್ಲಿನ ಇಳಿಜಾರನ್ನು ರಸ್ತೆಗಾಗಿ ಕಡಿದಾಗಲೂ ಪ್ರವಾಸಿಗಳ ವಾಹನಗಳು ಅದರ ಮೇಲೆ ಹರಿದಾಡಿದಾಗಲೂ ಗಿರಿಯು ಬರಿ ಮಣ್ಣಿನ ತಟ್ಟೆಯಾಗುತ್ತದೆ. ಮಳೆಗಾಲದಲ್ಲಿ ಗುಡ್ಡ ಜರಿಯುತ್ತದೆ, ಹೂಳು ಕೆರೆಕಟ್ಟೆಗಳನ್ನು ಸೇರುತ್ತದೆ. ಬೇಸಗೆಯಲ್ಲಿ ಹಳ್ಳ ಬತ್ತುತ್ತದೆ. ಕೋಟ್ಯಂತರ ವರ್ಷ ಸವೆದೂ ಉಳಿದ ಕಬ್ಬಿಣಶಿಲೆಗೆ ಇದರಿಂದ ದೊಡ್ಡ ಅಪಾಯವಿಲ್ಲ. ಅಪಾಯವಿರುವುದು ಅದರ ಮೇಲಿನ ತೆಳುವಾದ ಮಣ್ಣಿಗೆ, ಮತ್ತು ಆ ಮಣ್ಣನ್ನು ನಂಬಿ ಕೆಳಗೆ ಕೊಡವನ್ನು ಹಿಡಿದು ನಿಂತಿರುವ ಊರುಗಳಿಗೆ. ಆ ಊರುಗಳಲ್ಲಿ ಕುಂಬಾರಕೊಪ್ಪಲೂ ಒಂದು.